ನೆರಿಗೆ ಹಿಡಿದ ಕಿಟಕಿ

"ತಂಗೀ, ಹೊಳೆ ದಾಟುವ ದೋಣಿ ಎಲ್ಲಿ ಸಿಗುತ್ತದೆ?" ಎಂದು ಕೇಳಿದಳು ಶಾಕಾಂಬರಿ.

ಕೇಳುವ ಹೊತ್ತಿಗೆ ಅವಳು ಅದೇ ಬೇವಿನ ಮರವನ್ನು ಮತ್ತೊಮ್ಮೆ ಸುತ್ತಿ ಬಂದಿದ್ದಳು. ದೇಶ ದೇಶ ತಿರುಗಿದವಳಾದರೇನು, ಜೋಳದ ಹೊಲದ ಕಾಲುದಾರಿ ಯಾರಿಗೂ ಪಕ್ಷಪಾತ ಮಾಡುವುದಿಲ್ಲ.

ಮರದ ಕೆಳಗೆ ನೀಲವ್ವ ಎಂಬ ತುಂಬು ಬಸುರಿ ಸೀರೆಯ ನೆರಿಗೆ ಬಿಚ್ಚಿ ಮತ್ತೆ ಹಿಡಿಯುತ್ತಿದ್ದಳು.

"ನಾನೂ ಅಲ್ಲಿಗೇ ಹೊಂಟೀನ್ರಿ ಅಕ್ಕಾರ. ಹಡಿಯಾಕ ತವರಮನಿಗಿ. ಅಣ್ಣ ಆಚಿ ದಂಡ್ಯಾಗ ಬಂಡಿ ಹೂಡ್ಕೊಂಡು ಕಾಯಾಕತ್ತಾನ. ನೀವು?"

"ಗುರುಗಳ ಋಣ ತೀರಿಸೋಕೆ."

"ಹಂಗಾರ ಇಬ್ರೂ ಭಾರ ಇಳಸಾಕ ಹೊಂಟೀವಿ ಅನ್ರಿ," ಎಂದು ನೀಲವ್ವ ನಕ್ಕಳು.

ಶಾಕಾಂಬರಿಯ ಕಸುಬು ಕಂಪ್ಯೂಟರ್ ಪರದೆಗೆ ಕಿಟಕಿ ಮಾಡುವುದು. ಪರದೆಯ ಮೇಲೆ ಚೌಕವಾಗಿ ತೆರೆದುಕೊಂಡು ಸುದ್ದಿ ತೋರಿಸುತ್ತದಲ್ಲ, ಅದು. ಆ ವಿದ್ಯೆ ಕಲಿಸಿದ ಗಿರಿಜಾಬಾಯಿ ಹೊಳೆಯ ಆಚೆ ಇದ್ದರು. ಗುರುದಕ್ಷಿಣೆಯಾಗಿ ಅವರು ಕೇಳಿದ್ದು ಒಂದೇ: "ಎಷ್ಟು ಬರೆದರೂ ಹಿಡಿಸುವ, ಎಷ್ಟು ಕಡಿಮೆ ಬರೆದರೂ ಬರಿದೆನಿಸದ ಕಿಟಕಿ ಮಾಡಿಕೊಡು."

ವರ್ಷಗಳು ಕಳೆದವು. ಕಿಟಕಿ ಚಿಕ್ಕದಾದರೆ ಮಾತು ಕತ್ತರಿಸಿ ಹೋಗುತ್ತಿತ್ತು. ದೊಡ್ಡದಾದರೆ ಸಣ್ಣ ಮಾತೊಂದು, ಮದುವೆ ಮುಗಿದ ಛತ್ರದಲ್ಲಿ ಉಳಿದುಬಿಟ್ಟ ನೆಂಟನ ಹಾಗೆ ಮೂಲೆಯಲ್ಲಿ ಕೂರುತ್ತಿತ್ತು. ಶಾಕಾಂಬರಿ ಈಗ ಹೊರಟಿದ್ದು ಸೋತೆನೆಂದು ಹೇಳಿ ಬರಲು. ಸೋಲನ್ನು ಒಪ್ಪಿಸಿದರೂ ಒಂದು ಬಗೆಯ ಋಣ ತೀರುತ್ತದೆ ಎಂದುಕೊಂಡಿದ್ದಳು.

ದಾರಿಯಲ್ಲಿ ನೀಲವ್ವನನ್ನು ಕೇಳಿದಳು, "ಸೀರೆ ಬಿಗಿಯಾಗಲ್ವಾ?"

"ಮದುವಿ ಸೀರಿ ರೀ ಇದು. ಹೊಟ್ಟಿ ಬೆಳದಂಗ ನೆರಿಗಿ ಬಿಟ್ಕೊಡ್ತಾವ. ಕುಬಸ ಮಾತ್ರ ಹೊಸಾದು ಹೊಲಿಸ್ಬೇಕಾತು. ಅದಕ್ಕ ಅಲ್ರಿ ಬಸುರಿಗೆ ಕುಬಸ ಮಾಡೂದು?"

ಆ ಸೀಮೆಯಲ್ಲಿ ಕುಬಸವೆಂದರೆ ರವಿಕೆ. ಸೀಮಂತಕ್ಕೂ ಅದೇ ಹೆಸರು. ಶಾಕಾಂಬರಿ ನಕ್ಕಳು.

ದೋಣಿ ನಿಲ್ಲುವಲ್ಲಿ ಒಂದು ಕೋಣೆ, ಕೋಣೆಯಲ್ಲಿ ಒಂದು ಕಂಪ್ಯೂಟರ್. ಮೇಲಿನ ಅಣೆಕಟ್ಟಿನವರು ಹೇಳುವುದೆಲ್ಲ ಅದರಲ್ಲೇ ಬರುತ್ತಿತ್ತು. ಅಂಬಿಗ ಯಮನೂರಪ್ಪ ಕಣ್ಣು ಕಿರಿದು ಮಾಡಿ ಓದುತ್ತಿದ್ದ: "ಇಂದು ಮಧ್ಯಾಹ್ನದ ನಂತರ ಆಚೆ ದಡಕ್ಕೆ ದೋಣಿ ಬಿಡಬ". ಅಲ್ಲಿಗೆ ಕಿಟಕಿ ಮುಗಿದಿತ್ತು.

"ಬಿಡಬಹುದು ಅಂತ ಇರ್ತೈತಿ," ಎಂದ ಅವನು. "ಹೊಳಿ ನೋಡ್ರಿ, ಮಲಗಿದ ಎಮ್ಮಿ ಹಂಗ ಐತಿ."

"ಬಿಡಬಾರದು ಅಂತಿದ್ದರೆ?" ಎಂದಳು ಶಾಕಾಂಬರಿ.

"ನನ್ನ ಹೆಸರಾಗ ಯಮ ಅದಾನಂತ ಅಂಜ್ತೀರೇನ್ರಿ?"

ದೋಣಿಯಲ್ಲಿದ್ದವರು ನಕ್ಕರು. ನೀಲವ್ವ ಆಗಲೇ ಹತ್ತಿ ಕೂತಿದ್ದಳು. ಅಣೆಕಟ್ಟಿನವರನ್ನೇ ಕೇಳಿ ನೋಡೋಣವೆಂದರೆ ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ.

ಶಾಕಾಂಬರಿ ಕಿಟಕಿಯ ಅಂಚು ನೋಡಿದಳು. ಗುರುತು ಹತ್ತಿತು. ಅದು ಅವಳದೇ ಕೈಕೆಲಸ. ಮಾಡುವಾಗ ಇಂಗ್ಲಿಷ್ ಸಾಲುಗಳನ್ನಿಟ್ಟು ಅಳತೆ ತೆಗೆದಿದ್ದಳು. ಇಂಗ್ಲಿಷಿನವರು ಬೇಡವೆನ್ನುವುದನ್ನು ಬಾಗಿಲಲ್ಲೇ ಹೇಳಿಬಿಡುತ್ತಾರೆ. ನಾವು ಕೂರಿಸಿ, ಬೆಲ್ಲ ನೀರು ಕೊಟ್ಟು, ಎಲ್ಲ ಮುಗಿದ ಮೇಲೆ ಹೇಳುತ್ತೇವೆ. ತುದಿ ಕತ್ತರಿಸಿದರೆ ಕನ್ನಡದಲ್ಲಿ 'ಬೇಡ' ಉಳಿಯುವುದೇ ಇಲ್ಲ.

ಅಂಚು ಹಿಡಿದು ಎಳೆದಳು. ಕದಲಲಿಲ್ಲ. ಅಂದ ಕೆಡದಿರಲೆಂದು ಮೊಳೆ ಜಡಿದ ಹಾಗೆ ಬಿಗಿದವಳೂ ಅವಳೇ.

ನಾನು ಕುಬಸ ಹೊಲಿದಿದ್ದೇನೆ, ಎಂದುಕೊಂಡಳು. ಸೀರೆ ಉಡಿಸಬೇಕಿತ್ತು.

"ಅಣ್ಣಾ, ಒಂದು ಎಲೆ ಅಡಿಕೆ ಹಾಕಿಕೊಳ್ಳಿ. ಅಷ್ಟು ಹೊತ್ತು ದೋಣಿ ಬಿಡಬೇಡಿ."

"ಬಾಯಾಗ ಐತ್ರಿ."

"ಇನ್ನೊಂದು ಹಾಕಿಕೊಳ್ಳಿ."

ದೋಣಿಯಿಂದ ನೀಲವ್ವ ಕೂಗಿದಳು, "ಅಕ್ಕಾರ, ನನ್ನ ಕೂಸು ನಿಮ್ಮ ಕಂಪ್ಯೂಟರ್ ಕಾಯಂಗಿಲ್ರಿ."

ಶಾಕಾಂಬರಿ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಹಳೆಯ ಕಿಟಕಿಯ ಮೂಲ ಅದರಲ್ಲಿತ್ತು. ಇಷ್ಟು ಅಗಲ, ಇಷ್ಟು ಎತ್ತರ ಎಂದು ಬರೆದದ್ದನ್ನೆಲ್ಲ ಅಳಿಸಿದಳು. ಬದಲಿಗೆ ಕಿಟಕಿಗೇ ಬುದ್ಧಿ ಹೇಳಿದಳು: ಮೊದಲು ಮಾತನ್ನು ಅಳೆ. ಆಮೇಲೆ ಅದರ ಸುತ್ತ ಬಾ. ಪರದೆಯ ಅಂಚು ತಾಗಿದರೆ ಸಾಲನ್ನು ಮಡಚಿ ಕೆಳಗಿಳಿಸು. ಮಾತು ಕಡಿಮೆಯಾದರೆ ಮಿಕ್ಕದ್ದನ್ನು ನೆರಿಗೆ ಹಿಡಿ. ಅದನ್ನು ಕೋಣೆಯ ಕಂಪ್ಯೂಟರಿಗೆ ಹಾಕಿದಳು.

ಕಿಟಕಿ ಅಲುಗಿತು. ನಿದ್ದೆಯಲ್ಲಿದ್ದ ಕೂಸು ಕೈ ಚಾಚಿದಂತೆ ಬಲಗಡೆಯ ಅಂಚು ತಾನೇ ಸರಿಯಿತು. 'ಬ'ಕ್ಕೆ ದೀರ್ಘ ಬಂತು. ಆಮೇಲೆ 'ರ'. ಆಮೇಲೆ 'ದು'.

ಯಮನೂರಪ್ಪ ಅಗಿಯುವುದನ್ನು ನಿಲ್ಲಿಸಿದ. ಕೆಳಗಿನ ಅಂಚೂ ಇಳಿಯತೊಡಗಿತು. ಅಲ್ಲಿ, ಇಷ್ಟು ಹೊತ್ತೂ ಕತ್ತಲಲ್ಲಿ ಕೂತಿದ್ದ ಇನ್ನೊಂದು ಸಾಲಿತ್ತು: "ಅಣೆಕಟ್ಟಿನ ಬಾಗಿಲು ತೆರೆಯಲಾಗಿದೆ."

ಅವನು ಎಲೆ ಉಗಿದು ಓಡಿದ. ನೀಲವ್ವನನ್ನು ಕೈಹಿಡಿದು ಇಳಿಸಿದ. ಉಳಿದವರು ತಾವೇ ಜಿಗಿದರು.

ಎಲ್ಲರೂ ದಿಬ್ಬ ಹತ್ತುವಷ್ಟರಲ್ಲಿ ಸದ್ದು ಬಂತು. ದೂರದಲ್ಲಿ ಯಾರೋ ಬಂಡಿಗಟ್ಟಲೆ ಕಲ್ಲು ಸುರಿದ ಹಾಗೆ. ಹೊಳೆ ಕೆಂಪಗೆ ಎದ್ದು ಬಂತು. ನಿನ್ನ ದಡ ಇಲ್ಲಿಯವರೆಗೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಬಂದ ನೀರಿಗೆ ತಕ್ಕಷ್ಟು ಅಗಲವಾಗುತ್ತಲೇ ಹೋಯಿತು. ದೋಣಿ ಕಟ್ಟುವ ಗೂಟ ಮುಳುಗಿತು. ಕೋಣೆಯ ಮೆಟ್ಟಿಲು ಮುಳುಗಿತು. ಆಚೆ ದಡ ಒಂದು ಗೆರೆಯಾಗಿ, ಆ ಗೆರೆಯೂ ಮಾಸಿತು. ಸಮುದ್ರಗಳನ್ನು ದಾಟಿ ಬಂದ ಶಾಕಾಂಬರಿಯ ಕೈಗಳು ತಾವಾಗಿ ಮುಗಿದುಕೊಂಡವು.

"ಇದಕ್ಕೂ ನೆರಿಗಿ ಅದಾವ್ರಿ ಅಕ್ಕಾರ," ಎಂದಳು ನೀಲವ್ವ, ಮೆಲ್ಲಗೆ.

ನೀರು ಇಳಿಯುವವರೆಗೆ ಅವಳ ಕೂಸು ಕಾಯಲಿಲ್ಲ. ಯಮನೂರಪ್ಪನ ಮನೆಯಲ್ಲೇ ಹಡೆದಳು. ಕೂಸನ್ನು ಅದೇ ಸೀರೆಯ ಸೆರಗಿನಲ್ಲಿ ಸುತ್ತಿದರು. ಅದಕ್ಕೂ ಸೀರೆ ಸರಿಯಾಯಿತು.

ಆಮೇಲೆ ಶಾಕಾಂಬರಿ ಹೊಳೆ ದಾಟಿದಳು. ಗಿರಿಜಾಬಾಯಿಯ ಮುಂದೆ ಕಿಟಕಿ ತೆರೆದಿಟ್ಟಳು. ಅವರು 'ಓ' ಎಂದು ಬರೆದರು. ಕಿಟಕಿ ಆ ಒಂದು ಅಕ್ಷರವನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿಯಿತು. ಊರ ಸುದ್ದಿಯನ್ನೆಲ್ಲ ಬರೆದರು. ಬೆಳೆಯಿತು. ಎಲ್ಲ ಅಳಿಸಿದರು. ಕಿಟಕಿ ನೆರಿಗೆ ಹಿಡಿದುಕೊಳ್ಳುತ್ತಾ ಬಂದು ಒಂದು ಸಣ್ಣ ಗೆರೆಯಾಗಿ ನಿಂತಿತು.

ಮುದುಕಿ ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು.

"ನಾನು ಕೇಳಿದ್ದೆ ಅಷ್ಟೇ. ನೋಡ್ತೀನಿ ಅಂದ್ಕೊಂಡಿರಲಿಲ್ಲ. ಯಾರು ಕಲಿಸಿದರು?"

"ಒಬ್ಬಳ ಹತ್ತಿರ ದಾರಿ ಕೇಳಿದೆ, ಬಾಯಿಯವರೇ. ಅವಳು ಸೀರೆ ಉಡ್ತಾ ಇದ್ದಳು."

ಗಿರಿಜಾಬಾಯಿ ಎರಡೂ ಕೈಯಿಂದ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ದಕ್ಷಿಣೆ ಮುಟ್ಟಿತು," ಎಂದರು.

ನೀತಿ: ಮಾತಿನ ಅಳತೆಗೆ ನಾವು ಹಿಗ್ಗಬೇಕು, ನಮ್ಮ ಅಳತೆಗೆ ಮಾತನ್ನು ಕತ್ತರಿಸಬಾರದು. ಜೀವ ಉಳಿಸುವ ಅಕ್ಷರ ತುದಿಯಲ್ಲಿರುತ್ತದೆ. ಅಲ್ಲಿಯವರೆಗೆ ಕೇಳದೆ ದೋಣಿ ಬಿಡಬಾರದು.