ಏಳು ಕಲ್ಲಿನ ಕಟ್ಟೆ

"ಅಜ್ಜಾರೇ, ಮೈಮೇಲೆ ಏರಿ ಬಂದವನಿಗೆ ತಿರುಗಿ ಹೊಡೆಯುವುದು ತಪ್ಪೇ?"

ಮುರಿಗೆಪ್ಪ ಹೀಗೆ ಕೇಳಿದಾಗ ಮಠದ ಹಿರಿಯ ಸ್ವಾಮಿಗಳು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಅವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಒಳಕೋಣೆಯಲ್ಲಿ ಮುದುಕ ಗದಿಗಯ್ಯ ತಲೆಗೆ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದ. ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದ. ಅಜ್ಜಾರು ಬೆಳಗಿನಿಂದ ಅವನ ಮಗ್ಗುಲು ಬಿಟ್ಟು ಎದ್ದಿರಲಿಲ್ಲ. ಈಗಷ್ಟೇ ಹೊರಗೆ ಬಂದಿದ್ದರು.

ಹಿಂದಿನ ದಿನ ಮುರಿಗೆಪ್ಪ ಮತ್ತು ಗದಿಗಯ್ಯ ಗುಡ್ಡದಾಚೆಯ ಹಳ್ಳಿಗಳಿಂದ ದಾಸೋಹದ ಜೋಳ ಹೊತ್ತುಕೊಂಡು ಬರುತ್ತಿದ್ದರು. ಹಳ್ಳದ ತಿರುವಿನಲ್ಲಿ ಇಬ್ಬರು ಕಳ್ಳರು ಅಡ್ಡ ಹಾಕಿದರು. ಮುರಿಗೆಪ್ಪನಿಗೆ ಕೋಲು ತಿರುಗಿಸುವುದು ಗೊತ್ತಿತ್ತು. ಒಬ್ಬನ ಮೊಣಕೈ ಮುರಿದ. ಇಬ್ಬರೂ ಪೊದೆ ಹೊಕ್ಕರು. ಮುರಿಗೆಪ್ಪ ಬಿರಬಿರನೆ ನಡೆದು ಮಠ ಮುಟ್ಟಿದ. ಮಂಡಿನೋವಿನ ಗದಿಗಯ್ಯ ಹಿಂದೆ ಉಳಿದ. ಸಂಜೆಯ ಹೊತ್ತಿಗೆ ಸೌದೆಯವರು ಅವನನ್ನು ಹೊತ್ತು ತಂದರು. ತಿಂದ ಪೆಟ್ಟಿನ ಸಿಟ್ಟನ್ನು ಕಳ್ಳರು ಮುದುಕನ ತಲೆಯ ಮೇಲೆ ತೀರಿಸಿಕೊಂಡಿದ್ದರು.

"ಅವರು ಹಿಂದೆ ಉಳಿದದ್ದು ನನಗೆ ತಿಳಿಯಲೇ ಇಲ್ಲ, ಅಜ್ಜಾರೇ" ಎಂದ ಮುರಿಗೆಪ್ಪ. "ಈಗ ಮಠದಲ್ಲಿ ಎಲ್ಲರೂ ನೀನು ಹೊಡೆದದ್ದಕ್ಕೇ ಹೀಗಾಯಿತು ಅನ್ನುತ್ತಿದ್ದಾರೆ. ಹೊಡೆಯದೆ ಇನ್ನೇನು ಮಾಡಬೇಕಿತ್ತು? ತಲೆ ಒಡ್ಡಿ ನಿಲ್ಲಬೇಕಿತ್ತೇ?"

ಅಜ್ಜಾರು ಅವನ ಕೈಯ ಕೋಲನ್ನು ನೋಡಿದರು.

"ಕೂತುಕೋ" ಎಂದರು. "ಕೋಲನ್ನು ಗೋಡೆಗೆ ಒರಗಿಸು. ನಿನ್ನೆಯಿಂದ ಕೈಬಿಟ್ಟಿಲ್ಲ, ಅದಕ್ಕೂ ದಣಿವಾಗಿರಬೇಕು."

ಮುರಿಗೆಪ್ಪ ಕೂತ. ಅಜ್ಜಾರು ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಅವನ ಊರಿಗೂ ಸಂತೆಯ ಊರಿಗೂ ನಡುವೆ ಒಂದು ಕಣಿವೆ. ಎರಡೂ ಕಡೆ ಬಂಡೆ, ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ದಾರಿ. ಯಾವ ಬಂಡೆಯ ಮರೆಯಲ್ಲಿ ಯಾರು ಕೂತಿದ್ದಾರೋ ಆ ಶಿವನಿಗೇ ಗೊತ್ತು. ಅಲ್ಲಿ ಸತ್ತವರ ಹೆಸರು ಹೇಳುತ್ತ ಕೂತರೆ ಇವತ್ತಿನ ಅಡುಗೆ ಆರಿ ತಣ್ಣಗಾಗುತ್ತದೆ, ಬಿಡು.

ಹಾಗಂತ ಜನ ಓಡಾಡದೆ ಇರುತ್ತಾರೆಯೇ? ಸಂತೆ ಮಾಡಬೇಕು, ಉಪ್ಪು ತರಬೇಕು, ಆಚೆಗೆ ಕೊಟ್ಟ ಹೆಣ್ಣುಮಕ್ಕಳ ಮುಖ ನೋಡಿಬರಬೇಕು. ಅದಕ್ಕೇ ಆ ಸೀಮೆಯ ಹಿರಿಯರು ಒಂದು ಪದ್ಧತಿ ಇಟ್ಟಿದ್ದರು. ಕಣಿವೆಯ ಎರಡೂ ಬಾಯಿಗೆ ಒಂದೊಂದು ಕಟ್ಟೆ. ಕಟ್ಟೆಯ ಪಕ್ಕದಲ್ಲಿ ಹೊಳೆಗಲ್ಲಿನ ಗುಡ್ಡೆ. ಬಂದವರು ಗುಡ್ಡೆಯಿಂದ ಒಂದು ಕಲ್ಲು ತೆಗೆದು ಕಟ್ಟೆಯ ಮೇಲಿಟ್ಟು ಕೂರಬೇಕು. ಏಳು ಕಲ್ಲಾದ ಮೇಲೆ ಅವರವರ ಕಲ್ಲನ್ನು ಗುಡ್ಡೆಗೆ ಎಸೆದು ಒಟ್ಟಿಗೆ ಹೊರಡಬೇಕು. ಆರಾದರೆ ಹೊರಡುವಂತಿಲ್ಲ. ಗಟ್ಟಿಮುಟ್ಟಾದ ಗಂಡಸಿಗೂ ಒಂದೇ ಕಲ್ಲು, ಸೊಂಟ ಬಾಗಿದ ಮುದುಕಿಗೂ ಒಂದೇ ಕಲ್ಲು. ಕಂಕುಳ ಕೂಸಿಗೆ ಮಾತ್ರ ಕಲ್ಲಿಲ್ಲ. ಕಣಿವೆಯೊಳಗೆ ಒಬ್ಬ ಕೂಗಿದರೆ ಉಳಿದ ಆರೂ ಜನ ತಿರುಗಿ ನಿಲ್ಲಬೇಕು.

ಇಷ್ಟೇ ಪದ್ಧತಿ. ಏಳು ಜನ ಒಟ್ಟಿಗೆ ತಿರುಗಿ ನಿಂತರೆ ಎಂಥ ಕಳ್ಳನೂ ಎರಡು ಸಲ ಯೋಚನೆ ಮಾಡುತ್ತಾನೆ. ಅವನಿಗೂ ಮನೆಗೆ ಹೋಗಿ ಉಣ್ಣುವ ಆಸೆ ಇರುತ್ತದಲ್ಲ.

ಒಮ್ಮೆ ಈ ವ್ಯಾಪಾರಿ ಕಟ್ಟೆಗೆ ಇನ್ನೇನು ಹತ್ತು ಹೆಜ್ಜೆ ಅನ್ನುವಲ್ಲಿ ಒಬ್ಬ ಕಳ್ಳ ಅವನ ಹೊರೆ ಕಿತ್ತುಕೊಂಡ. ಅಷ್ಟಕ್ಕೇ ಬಿಡದೆ ಕೆನ್ನೆಗೆ ಎರಡು ಬಿಗಿದು, ನಕ್ಕು ಹೋದ. ಕಂಬಳಿ ಹೋದರೆ ಮತ್ತೆ ನೇಯಬಹುದು. ಆ ನಗು ಅವನನ್ನು ಬಿಡಲಿಲ್ಲ. ಕೂತರೂ ಅದೇ, ಉಂಡರೂ ಅದೇ. ಕಡೆಗೆ ಪಕ್ಕದ ಊರಿನ ಗರಡಿಗೆ ಹೋಗಿ ವಸ್ತಾದನ ಕಾಲು ಹಿಡಿದ.

ಮೂರು ವರ್ಷ ಕಲಿತ. ಚೆನ್ನಾಗಿಯೇ ಕಲಿತ, ಅದರಲ್ಲಿ ಸುಳ್ಳಿಲ್ಲ. ಕೋಲು ಅವನ ಕೈಯಲ್ಲಿ ಗಿರಗಿರ ತಿರುಗುತ್ತಿತ್ತು. ಕಳಿಸಿಕೊಡುವ ದಿನ ವಸ್ತಾದ ಬುದ್ಧಿ ಹೇಳಿದ: "ಅಡ್ಡ ಹಾಕಿದರೆ ಬೆನ್ನನ್ನು ಬಂಡೆಗೆ ಕೊಡು. ಒಂದು ಪೆಟ್ಟು ಕೊಟ್ಟು ಜಾಗ ಬಿಡು, ನಿಂತು ನೋಡಬೇಡ. ಹಿಂದಿನಿಂದ ಹೆಂಗಸಿನ ಕೂಗು ಕೇಳಿಸಲಿ, ಕೂಸಿನ ಅಳು ಕೇಳಿಸಲಿ, ತಿರುಗಬೇಡ. ಕಳ್ಳರು ಹಾಗೆ ಕರೆದೇ ಕೆಡವುತ್ತಾರೆ."

ವಸ್ತಾದ ಹೇಳಿದ್ದು ನಿಜವೇ. ಕಳ್ಳರು ಹಾಗೆ ಕರೆಯುತ್ತಿದ್ದರು. ಒಂಟಿಯಾಗಿ ಹೋಗುವವನಿಗೆ ಅದು ತಕ್ಕ ಬುದ್ಧಿಯೇ.

ಮುಂದಿನ ಸಂತೆಗೆ ಹೊರಟ ವ್ಯಾಪಾರಿ ಕಟ್ಟೆಯ ಮೇಲೆ ಕಲ್ಲಿಟ್ಟು ಕೂತ. ನೆತ್ತಿಯ ಮೇಲೆ ಬಿಸಿಲು ಬಂದರೂ ನಾಲ್ಕೇ ಕಲ್ಲು. ಅವನದೊಂದು, ಗಡಿಗೆ ಮಾರುವ ಮುದುಕಿಯದೊಂದು, ಇನ್ನಿಬ್ಬರದು. ಅವನಿಗೆ ತಾಳ್ಮೆ ತಪ್ಪಿತು. ತನ್ನ ಕಲ್ಲನ್ನು ಎತ್ತಿ ಗುಡ್ಡೆಗೆ ಎಸೆದ.

"ಎಲ್ಲಿಗೆ ಹೊರಟೆಯಪ್ಪಾ? ಇನ್ನೂ ಮೂರು ಕಲ್ಲು ಬೇಕಲ್ಲ" ಎಂದಳು ಮುದುಕಿ.

"ನಿನಗೆ ಬೇಕು, ಯಮ್ಮಾ. ನನಗೆ ಈ ಕೋಲೇ ಆರು ಆಳು."

ಮುದುಕಿ ಕಟ್ಟೆಯ ಕಡೆ ನೋಡಿದಳು. "ಹಾಗಾದರೆ ನಮಗೆ ಇನ್ನು ನಾಲ್ಕು ಬೇಕು" ಎಂದಳು.

ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಣಿವೆಯಲ್ಲಿ ಮೂವರು ಮೇಲೆ ಬಿದ್ದರು. ಬೆನ್ನನ್ನು ಬಂಡೆಗೆ ಕೊಟ್ಟ. ಒಬ್ಬನ ಹಲ್ಲು ಉದುರಿತು, ಇನ್ನೊಬ್ಬನ ಕಾಲು ಮುರಿಯಿತು, ಮೂರನೆಯವನು ಚಪ್ಪಲಿ ಬಿಟ್ಟು ಓಡಿದ. ಸಂಜೆಯೊಳಗೆ ಸಂತೆಯ ತುಂಬ ಅವನದೇ ಮಾತು. ಭಲೇ ಅಂದವರೆಷ್ಟು, ಬೆನ್ನು ತಟ್ಟಿದವರೆಷ್ಟು! ಕೆನ್ನೆಯ ಉರಿ ಅವತ್ತು ಆರಿತು.

ಆಮೇಲೆ ಅವನು ಕಟ್ಟೆಯ ಮೇಲೆ ಕೂರಲೇ ಇಲ್ಲ. ಅವನನ್ನು ನೋಡಿ ಊರಿನ ಗಟ್ಟಿ ಆಳುಗಳೆಲ್ಲ ಗರಡಿಗೆ ಹೋದರು, ಅವರೂ ಕಟ್ಟೆ ಬಿಟ್ಟರು. ಕಲ್ಲಿಟ್ಟು ಕೂರುವುದು ಕೈಲಾಗದವರ ಕೆಲಸ ಎಂದು ನಗುತ್ತಿದ್ದರು. ಕಟ್ಟೆಯ ಮೇಲೆ ಉಳಿದವರು ಮುದುಕರು, ಬಸುರಿಯರು, ಕಣ್ಣು ಮಂಜಾದವರು. ಅವರಲ್ಲಿ ಏಳು ಕಲ್ಲು ಆಗುವುದು ಯಾವ ಕಾಲಕ್ಕೆ? ಕೆಲವರು ಹೊತ್ತು ಇಳಿಯುವ ತನಕ ಕಾದು ಮನೆಗೆ ತಿರುಗಿದರು. ಕೆಲವರು ಇಬ್ಬರು ಮೂವರಾಗಿ ಹೊರಟರು. ಹಾಗೆ ಹೊರಟವರಲ್ಲಿ ಎಷ್ಟೋ ಜನ ಆಚೆ ತಲುಪಲಿಲ್ಲ. ಗಡಿಗೆಯ ಮುದುಕಿ ತಲುಪಲಿಲ್ಲ.

ಸುದ್ದಿ ಕೇಳಿ ವ್ಯಾಪಾರಿ ಲೊಚಗುಟ್ಟಿದ. "ಅಯ್ಯೋ ಪಾಪ" ಎಂದ. "ಈ ಕಾಲದಲ್ಲಿ ಪ್ರತಿಯೊಬ್ಬರೂ ತಮ್ಮನ್ನು ತಾವು ನೋಡಿಕೊಳ್ಳಬೇಕು ನೋಡಿ" ಎಂದ.

ಅವನೇನು ಕೆಟ್ಟವನಲ್ಲ. ಹೆಂಡತಿಗೆ ಗದರಿದವನಲ್ಲ, ಅಳತೆಯಲ್ಲಿ ಮೋಸ ಮಾಡಿದವನಲ್ಲ. ಒಬ್ಬಳೇ ಮಗಳು ಬಾಳವ್ವ, ಅವಳೆಂದರೆ ಜೀವ. ಅವಳನ್ನು ಸಂತೆಯ ಊರಿಗೇ ಕೊಟ್ಟಿದ್ದ. ಅವಳಿಗೆ ಆಗ ಎಂಟು ತಿಂಗಳ ಕೂಸು. ಪ್ರತಿ ಸಂತೆಗೂ ಮಗಳ ಮನೆಯಲ್ಲಿ ರೊಟ್ಟಿ ತಿಂದು, ಮೊಮ್ಮಗನನ್ನು ತೊಡೆಯ ಮೇಲೆ ಕುಣಿಸಿಯೇ ಅವನು ಹಿಂದಿರುಗುತ್ತಿದ್ದ.

ಒಂದು ಸಂತೆಯ ದಿನ ವ್ಯಾಪಾರ ಕುದುರಲಿಲ್ಲ. ಮನೆಯಲ್ಲಿ ಹೆಂಡತಿಗೆ ಜ್ವರ. ಮಗಳ ಮನೆಗೂ ಹೋಗದೆ, ಉಳಿದ ಕಂಬಳಿ ಹೊತ್ತು ಮಧ್ಯಾಹ್ನವೇ ಹೊರಟ. ಆ ಕಡೆಯ ಕಟ್ಟೆ ಬರಿದಾಗಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ನೋಡಿ ಆಗಬೇಕಾದದ್ದೇನು? ಕೋಲು ಕೈಯಲ್ಲಿತ್ತು, ದಾರಿ ಕಾಲಿಗೆ ಗೊತ್ತಿತ್ತು.

ಕಣಿವೆಯಲ್ಲಿ ಅರ್ಧ ದಾರಿ ಕಳೆದಿರಬೇಕು. ಹಿಂದಿನಿಂದ ಒಂದು ಕೂಗು ಕೇಳಿಸಿತು. ಹೆಂಗಸಿನ ದನಿ. ಬಂಡೆಯಿಂದ ಬಂಡೆಗೆ ಬಡಿದು ಬರುವ ದನಿ, ಏನು ಕೂಗಿದ್ದು ಎಂದು ತಿಳಿಯುವ ಹಾಗಿರಲಿಲ್ಲ. ಅವನು ತಿರುಗಲಿಲ್ಲ. ಕೋಲನ್ನು ಬಿಗಿಹಿಡಿದು ಕಾಲು ಚುರುಕು ಮಾಡಿದ. ಎರಡನೆಯ ಸಲ ಕೂಗು ಬಂತು. ಈಗ ಹತ್ತಿರ ಇತ್ತು. ವಸ್ತಾದನ ಮಾತು ನೆನಪಾಯಿತು. ಕಾಲು ಒಂದು ಗಳಿಗೆ ತಡೆಯಿತು, ಆದರೂ ತಿರುಗಲಿಲ್ಲ. ಮೂರನೆಯದು ಕೂಗಲ್ಲ, ಚೀತ್ಕಾರ. ಅದು ನಡುವೆಯೇ ನಿಂತಿತು. ಆಮೇಲೆ ಏನೂ ಇಲ್ಲ.

"ನನ್ನನ್ನು ಕೆಡವಬೇಕಾದರೆ ಇನ್ನೂ ಸ್ವಲ್ಪ ನಾಟಕ ಕಲಿಯಬೇಕು, ಮಕ್ಕಳಾ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ವ್ಯಾಪಾರಿ ಕಣಿವೆ ದಾಟಿದ.

ಮನೆಗೆ ಬಂದು ಕಾಲು ತೊಳೆದ. ಹೆಂಡತಿ ಜ್ವರದಲ್ಲೇ ಎದ್ದು ಕೂತಳು. ಅವನ ಹಿಂದೆ ಬಾಗಿಲ ಕಡೆ ನೋಡಿದಳು.

"ಬಾಳವ್ವ ಎಲ್ಲಿ?" ಎಂದು ಕೇಳಿದಳು. "ನನ್ನ ಮೈ ಸರಿಯಿಲ್ಲ, ಸಂತೆಗೆ ಬಂದ ನಿಮ್ಮಪ್ಪನ ಜೊತೆ ಬಂದುಬಿಡು ಎಂದು ನೀವು ಹೊರಟ ಮೇಲೆ ಬಳೆಗಾರರ ಕೈಯಲ್ಲಿ ಹೇಳಿಕಳಿಸಿದ್ದೆ. ನಿಮ್ಮನ್ನು ಕೂಡಿಕೊಳ್ಳಲಿಲ್ಲವೇ?"

ವ್ಯಾಪಾರಿ ತಂಬಿಗೆ ಬಿಸಾಕಿದ. ಹೆಂಡತಿ ಏನೇನೋ ಕೇಳುತ್ತಿದ್ದಳು. ಅವನು ಆಗಲೇ ಅಂಗಳ ದಾಟಿ ಓಡುತ್ತಿದ್ದ. ಕೋಲನ್ನು ತೆಗೆದುಕೊಳ್ಳಲು ಅವನಿಗೆ ನೆನಪಾಗಲಿಲ್ಲ.

ಬಾಳವ್ವ ಸಿಕ್ಕಳು. ಕೂಸೂ ಸಿಕ್ಕಿತು. ಅವನು ಆ ಎರಡನೆಯ ಕೂಗು ಕೇಳಿದ ಜಾಗಕ್ಕೂ ಅವರು ಬಿದ್ದಿದ್ದ ಜಾಗಕ್ಕೂ ನಡುವೆ ಒಂದು ತಿರುವು ಮಾತ್ರ ಇತ್ತು. ಅದಕ್ಕಿಂತ ಹೆಚ್ಚು ಹೇಳುವುದು ನನಗೆ ಬೇಡ, ಕೇಳುವುದು ನಿನಗೂ ಬೇಡ.

ಮಗಳ ಗಂಡನಿಗೆ ಸುದ್ದಿ ಹೇಳಬೇಕಲ್ಲ. ಹಿಂದೆ ಓಡಿಬಂದ ಊರವರನ್ನು ಹೆಣಗಳ ಬಳಿ ಬಿಟ್ಟು ಅವನು ಆ ಕಡೆಯ ಕಟ್ಟೆಯ ತನಕ ನಡೆದ. ಈ ಸಲ ಕಟ್ಟೆಯನ್ನು ನೋಡಿದ. ಅದರ ಮೇಲೆ ಎರಡು ಕಲ್ಲು ಇದ್ದವು. ಗುಡ್ಡದ ಕುರಿಗಾಹಿ ಇಳಿದು ಬಂದು ನಡೆದದ್ದನ್ನು ಹೇಳಿದ. ಒಬ್ಬ ಹೆಣ್ಣುಮಗಳು ಕೂಸನ್ನು ಎತ್ತಿಕೊಂಡು ಬಂದಳು. ಒಂದು ಕಲ್ಲಿಟ್ಟು ಕೂತಳು. ಯಾರೂ ಬರದ್ದನ್ನು ನೋಡಿ ಕೂಸಿನ ಹೆಸರಿನಲ್ಲಿ ಇನ್ನೊಂದು ಕಲ್ಲಿಟ್ಟಳು. ಆಮೇಲೆ ಈ ದಾರಿಯಲ್ಲಿ ಯಾರಾದರೂ ಹೋದರೇ ಎಂದು ಕೇಳಿದಳು.

"ಒಬ್ಬ ಈಗಷ್ಟೇ ಹೋದ ತಂಗಿ, ಕಂಬಳಿ ಹೊರೆ ಇತ್ತು, ಕೈಯಲ್ಲಿ ಕೋಲು ಇತ್ತು ಅಂದೆ" ಎಂದ ಕುರಿಗಾಹಿ. "ನಮ್ಮಪ್ಪನೇ, ಅವನಿದ್ದರೆ ನನಗೇನು ಭಯ ಎಂದು ನಕ್ಕಳು. ಕಲ್ಲನ್ನೂ ಎಸೆಯದೆ ಒಳಗೆ ಓಡಿದಳು."

ಕಂಕುಳ ಕೂಸಿಗೆ ಕಲ್ಲಿಲ್ಲ ಎಂದು ಬಾಳವ್ವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕಂದಿನಿಂದ ಕಂಡ ಪದ್ಧತಿ. ಆದರೂ ಇಟ್ಟಿದ್ದಳು, ಪಾಪ.

ಕಣಿವೆಯಲ್ಲಿ ಕೂಗು ಕೇಳಿಸಲಿಲ್ಲವೇ ಎಂದು ಊರವರು ವ್ಯಾಪಾರಿಯನ್ನು ಕೇಳಿದರು. ಇಲ್ಲ ಎಂದ. ಅಳಿಯ ಬಂದು ಎದೆಯ ಮೇಲಿನ ಅಂಗಿ ಹಿಡಿದು ಕೇಳಿದ. ಇಲ್ಲ ಎಂದ. ಹೆಂಡತಿ ಬದುಕಿರುವ ತನಕ ಕೇಳಿದಳು, ಅವಳಿಗೂ ಇಲ್ಲ ಎಂದೇ ಹೇಳಿದ. ಇಲ್ಲ ಅನ್ನುತ್ತ ಅನ್ನುತ್ತ ಅವನಿಗೆ ಉಣ್ಣುವುದು ಸೇರದಾಯಿತು, ಮಲಗಿದರೆ ಕಣ್ಣು ಮುಚ್ಚದಾಯಿತು. ಕಡೆಗಾಲದಲ್ಲಿ, ಬಾಯಿಗೆ ನೀರು ಬಿಡಲು ಬಂದ ಪಕ್ಕದ ಮನೆಯವನ ಕೈ ಹಿಡಿದು ಒಂದೇ ಮಾತು ಹೇಳಿದ: "ಮೂರು ಸಲ." ಹೇಳಿದ ಮೇಲೆ ಜೀವ ಬಿಟ್ಟ.

ಅಜ್ಜಾರು ಇಷ್ಟು ಹೇಳಿ ಕತೆ ಮುಗಿಸಿದರು.

ಮುರಿಗೆಪ್ಪ ತಲೆ ತಗ್ಗಿಸಿ ನೆಲವನ್ನು ಉಗುರಿನಿಂದ ಗೀರುತ್ತಿದ್ದ. "ಹಾಗಾದರೆ ಅವನು ಕೋಲು ಕಲಿತದ್ದೇ ತಪ್ಪಾಯಿತೇ, ಅಜ್ಜಾರೇ? ನಾನು ಕಳ್ಳನಿಗೆ ಹೊಡೆದದ್ದೂ ತಪ್ಪೇ?" ಎಂದ.

"ಕೋಲು ಏನು ತಪ್ಪು ಮಾಡಿತು? ಹೊಡೆದದ್ದೂ ತಪ್ಪಲ್ಲ. ಇಬ್ಬರು ಅಡ್ಡ ಬಂದಾಗ ನಾನಿದ್ದರೂ ಹೊಡೆಯುತ್ತಿದ್ದೆ" ಎಂದರು ಅಜ್ಜಾರು.

ಮುರಿಗೆಪ್ಪನಿಗೆ ಉಸಿರು ಬಂದಂತಾಯಿತು. ಅವನು ತಲೆ ಎತ್ತಿದ. ಒಳಕೋಣೆಯಲ್ಲಿ ಗದಿಗಯ್ಯ ಮತ್ತೆ ಬಡಬಡಿಸತೊಡಗಿದ್ದ. ಈ ಸಲ ಅವನು ಕರೆಯುತ್ತಿದ್ದ ಹೆಸರು ಪಡಸಾಲೆಗೆ ಸ್ಪಷ್ಟವಾಗಿ ಕೇಳಿಸಿತು. ಅಜ್ಜಾರು ಕಂಬ ಹಿಡಿದು ಎದ್ದರು. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು ಕೇಳಿದರು:

"ನಿನ್ನೆ ಗದಿಗಯ್ಯ ಎಷ್ಟು ಸಲ ಕೂಗಿದ, ಮುರಿಗೆಪ್ಪಾ?"