ಒಳ್ಳೆ ಕೈ ಮುಟ್ಟಿದ ನಿಂಗಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಬೋರಯ್ಯ ಅಂತ ಒಬ್ಬ ಮೂಳೆ ಕಟ್ಟೋನು ಇದ್ದನಂತೆ. ಹ್ಞೂಂ ಅನ್ನು ಕಂದ, ನೀನು ಹ್ಞೂಂ ಅನ್ನದೆ ಇದ್ರೆ ಬೋರಯ್ಯ ಅಲ್ಲೇ ಕೂತಿರ್ತಾನೆ. ಅವನಿಗೆ ಮೂರು ಹೆಣ್ಣುಮಕ್ಕಳು, ಕೆಂಪಿ, ಸಾಕಿ, ನಿಂಗಿ. ಮೂವರಿಗೂ ಕಸುಬು ಕಲಿಸಿದ್ದನಂತೆ. ಆದ್ರೆ ಆ ಮನೇಲಿ ಮುತ್ತಾತನ ಕಾಲದಿಂದ ಒಂದು ಕಟ್ಟಳೆ. ಪೆಟ್ಟಾದ ಕೈ ಮಾತ್ರ ಮುಟ್ಟಬೇಕು, ಒಳ್ಳೆ ಕೈ ಮುಟ್ಟಿದ್ರೆ ನೋವು ಅದಕ್ಕೂ ದಾಟುತ್ತೆ ಅಂತ. ಅದಕ್ಕೇ ಬಂದೋರ ಒಳ್ಳೆ ಕೈಗೆ ಮೊದಲು ಬಟ್ಟೆ ಸುತ್ತಿ ಮುಚ್ಚಿಬಿಡೋರಂತೆ. ಕಿರಿಯವಳು ನಿಂಗಿಗೆ ಮಾತ್ರ ಆ ಬಟ್ಟೆ ಬಿಚ್ಚಿ ನೋಡೋ ಚಪಲ.

ಒಂದಿನ ಬೋರಯ್ಯನೇ ಹುಣಸೆಮರದಿಂದ ಬಿದ್ದನಂತೆ, ಬಲಗೈ ಎತ್ತಕ್ಕೇ ಆಗಲಿಲ್ವಂತೆ. ಊರೋರ ಕೈಯೆಲ್ಲ ಸರಿ ಮಾಡೋನ ಕೈಯೇ ಹೋದ್ರೆ ಏನು ಗತಿ ಹೇಳು! ಎಡಗೈಗೆ ಭುಜದ ತನಕ ಬಟ್ಟೆ ಸುತ್ತಿ ಅವನನ್ನ ಜಗಲಿ ಮೇಲೆ ಕೂರಿಸಿದರಂತೆ. ಆಮೇಲೆ ಕೆಂಪಿ ಬಂದು, ಮೂಳೆ ಮುರಿದಿದೆ, ಅನುಮಾನಾನೇ ಬೇಡ ಅಂತ ಬಿದಿರ ದಬ್ಬೆ ಕಟ್ಟಿದಳಂತೆ, ಅಪ್ಪ ಅಯ್ಯಯ್ಯೋ ಅಂದನಂತೆ. ಆಮೇಲೆ ಸಾಕಿ ಅದನ್ನ ಬಿಚ್ಚಿ, ನರ ಉಳುಕಿದೆ ಅಂತ ಬಿಸಿ ಎಣ್ಣೆ ಹಾಕಿ ತಿಕ್ಕಿದಳಂತೆ, ಅಪ್ಪ ಇನ್ನೂ ಜೋರಾಗಿ ಕೂಗಿದನಂತೆ. ಅಕ್ಕಂದಿರು ಇಬ್ಬರೂ ನಂದೇ ಸರಿ, ನಂದೇ ಸರಿ ಅಂತ ಜುಟ್ಟು ಹಿಡ್ಕೊಂಡರಂತೆ.

ಆಮೇಲೆ ನಿಂಗಿ, ಜಗಳ ಯಾಕೆ, ನೋಡೇಬಿಡೋಣ ಅಂದಳಂತೆ. ಮೂಳೆ ಮುರಿದಿದ್ರೆ ತೋಳುದ್ದಕ್ಕೂ ಒತ್ತಿದಾಗ ಎಲ್ಲಾದ್ರೂ ಚೀರಬೇಕಲ್ಲ? ಒತ್ತಿದಳು, ಅಪ್ಪ ಚೀರಲಿಲ್ಲ. ಸರಿ, ಬರೀ ಉಳುಕಿದ್ರೆ ಭುಜದ ಆಕಾರ ಹಾಗೇ ಇರಬೇಕಲ್ಲ? ಆದ್ರೆ ಅಪ್ಪನ ಭುಜ ಮೊದಲು ಹೇಗಿತ್ತು ಅಂತ ಯಾರಿಗೆ ಗೊತ್ತು! ಗೊತ್ತಿರೋದು ಅಪ್ಪನ ಎಡ ಭುಜಕ್ಕೆ ಮಾತ್ರ. ಅಪ್ಪಾ, ಒಳ್ಳೆ ಕೈ ಮುಟ್ಟಲಾ ಅಂತ ಕೇಳಿಯೇಬಿಟ್ಟಳಂತೆ.

ಅಕ್ಕಂದಿರು ಬಾಯಿ ಬಡ್ಕೊಂಡರಂತೆ. ಇರೋದೊಂದು ಕೈ, ಅದೂ ಹೋದ್ರೆ ಏನೇ ಮಾಡೋದು ಅಂತ. ನಿಂಗಿಗೂ ಹೆದರಿಕೆ ಆಯ್ತಂತೆ. ಬೋರಯ್ಯ ಮಗಳ ಮುಖಾನೇ ನೋಡಿ, ಮುಟ್ಟವ್ವ, ಹೋದ್ರೆ ನಿನ್ನ ಕೈ ಎರಡಿವೆಯಲ್ಲ ಅಂದನಂತೆ.

ಆಮೇಲೆ ನಿಂಗಿ ಬಟ್ಟೆ ಬಿಚ್ಚಿದಳಂತೆ. ಎಡ ಭುಜ ದುಂಡಗಿದೆ, ಬಲ ಭುಜದಲ್ಲಿ ತಗ್ಗು! ನಿನ್ನ ಭುಜ ಮುಟ್ಟಿ ನೋಡ್ಕೊ ಕಂದ, ದುಂಡಗಿದೆಯಲ್ಲ, ಅಲ್ಲಿ ತೋಳಿನ ಮೂಳೆಯ ತಲೆ ಒಂದು ಬಟ್ಟಲಲ್ಲಿ ಕೂತಿದೆ, ಒರಳಲ್ಲಿ ಗುಂಡುಕಲ್ಲು ಕೂತ ಹಾಗೆ. ಅದನ್ನೇ ಕೀಲು ಅನ್ನೋದು. ಅಪ್ಪನ ಗುಂಡು ಒರಳಿಂದ ಆಚೆ ಬಂದಿತ್ತಂತೆ. ಅಷ್ಟಕ್ಕೇ ನಿಂಗಿ ಬಿಡಲಿಲ್ಲ, ಬಲಗೈಲಿ ಎಡ ಭುಜ ಮುಟ್ಟಪ್ಪ ಅಂದಳಂತೆ. ಊಹೂಂ, ಮೊಣಕೈ ಎದೆ ಹತ್ರಾನೂ ಬರಲಿಲ್ವಂತೆ. ಕೀಲು ತಪ್ಪಿದೆ, ಈಗ ಖಾತ್ರಿ ಆಯ್ತು ಅಂದಳಂತೆ.

ಆಮೇಲೆ ಅಪ್ಪನ ಮೊಣಕೈ ಹಿಡಿದು, ಜಗ್ಗದೆ, ಎಳೀದೆ, ಅವನ ಉಸಿರು ಸಡಿಲ ಆದಾಗೆಲ್ಲ ಚೂರು ಚೂರೇ ತಿರುಗಿಸಿದಳಂತೆ. ಟಕ್! ಗುಂಡು ಒರಳಿಗೆ ಕೂತೇಬಿಟ್ತು! ಬೋರಯ್ಯನ ಬಲಗೈ ಮೆಲ್ಲಗೆ ಎದೆ ದಾಟಿ ಎಡ ಭುಜ ಮುಟ್ಟಿತಂತೆ, ಆಮೇಲೆ ನಿಂಗಿ ತಲೆ ಮೇಲೆ ಕೂತಿತಂತೆ. ಅವಳು ನಗ್ತಾ ನಗ್ತಾನೇ ಅತ್ತುಬಿಟ್ಟಳಂತೆ. ಕೆಂಪಿ, ಸಾಕಿ ಮಾತ್ರ ಎಡಗೈಗೆ ಯಾವಾಗ ನೋವು ದಾಟುತ್ತೋ ಅಂತ ಕಣ್ಣರಳಿಸಿ ಕೂತಿದ್ದರಂತೆ. ಆ ಎಡಗೈ ಇಬ್ಬರ ಕಿವೀನೂ ಚೆನ್ನಾಗಿ ಹಿಂಡಿತಂತೆ!

ಅವತ್ತಿಂದ ಆ ಮನೆಗೆ ಯಾರು ಬಂದ್ರೂ, ಮೊದಲು ಒಳ್ಳೆ ಕೈ ತೋರ್ಸಪ್ಪ ಅಂತಿದ್ದರಂತೆ. ಒಳ್ಳೆ ಕೈಗೆ ಸುತ್ತೋ ಬಟ್ಟೆಗೆಲ್ಲ ಏನೂ ಕೆಲಸ ಇಲ್ಲದೆ, ಮೂವರೂ ಸೇರಿ ಅದನ್ನೇ ಜೋಡಿಸಿ ದೊಡ್ಡದೊಂದು ಕೌದಿ ಹೊಲಿದು, ಅಪ್ಪನ ಜೊತೆ ಅದರೊಳಗೆ ಬೆಚ್ಚಗೆ ಮಲಗಿದರಂತೆ. ಅಲ್ಲಿಗೆ ಕತೆ ಮುಗೀತು. ಈಗ ನಿನ್ನ ಎರಡೂ ಕೈ ಕೌದಿ ಒಳಗೆ ಹಾಕ್ಕೊ, ಮಲಕ್ಕೊ.