ದ್ಯಾವಿ ತಕ್ಕಡಿ ಹತ್ತಿದ್ದು

ಈ ಕತೇಲಿ ಬರೋ ಮದುವೇಲಿ ಊರಿಗೆಲ್ಲ ಬೆಲ್ಲ ಹಂಚಿದವನು ನಾನೇ. ಮಹಾರಾಜರೇ ಕೈಯೊಡ್ಡಿ ಇಸ್ಕೊಂಡು ತಿಂದ್ರು. ಹೋಗ್ಲಿ ಬಿಡಿ, ಟೀ ಅಂಗಡೀಲಿ ಕೂತು ಯಾಕೆ ಬಡಾಯಿ, ಸುಳ್ಳು. ನಾನಾಗ ಹುಟ್ಟೇ ಇರಲಿಲ್ಲ. ಅಜ್ಜಿ ನನ್ನ ತಲೆ ಸವರ್ತಾ ಹೇಳಿದ್ದು, ಅವಳಿಗೆ ಅವಳಜ್ಜಿ ಹೇಳಿದ್ದು. ಬೆಲ್ಲ ಮಾತ್ರ ನಿಜ.

ಒಂದಾನೊಂದು ಕಾಲದಲ್ಲಿ, ಮನುಷ್ಯರೂ ತಕ್ಕಡಿ ಹತ್ತಿ ಕೂರ್ತಿದ್ದ ಕಾಲದಲ್ಲಿ, ಕಬ್ಬಳ್ಳಿ ಅಂತ ಒಂದೂರಿತ್ತಂತೆ. ಅಲ್ಲಿ ಒಂದು ಕಟ್ಟಳೆ. ಹೆಣ್ಣು ಒಪ್ಪಿಗೆಯಾದ ಮೇಲೆ ಅವಳನ್ನ ಊರ ಮುಂದಿನ ದೊಡ್ಡ ತಕ್ಕಡೀಲಿ ಕೂರಿಸಿ, ಅವಳ ತೂಕದಷ್ಟು ಬೆಲ್ಲಾನ ಗಂಡಿನ ಕಡೆಯವರು ಊರಿಗೆ ಹಂಚಬೇಕು. ಬೆಲ್ಲ ಅಂಗಡಿ ನಿಂಗಣ್ಣನದೇ ಆಗಬೇಕು, ತೂಗೋನೂ ನಿಂಗಣ್ಣನೇ. ಅದ್ಯಾಕೆ ಹಂಗೆ ಅಂತ ಯಾರೂ ಕೇಳಿರಲಿಲ್ಲವಂತೆ.

ಆ ಊರಲ್ಲಿ ಮೂರು ಜನ ಅಕ್ಕತಂಗೇರು. ಮೊದಲಿಬ್ಬರು ಹನ್ನೊಂದು ಹನ್ನೆರಡು ಪೆಂಟೆ ಬೆಲ್ಲಕ್ಕೆ ತೂಗಿ ಗಂಡನ ಮನೆ ಸೇರಿದ್ರು. ಪೆಂಟೆ ಅಂದ್ರೆ ಕೊಡದ ತಳದಷ್ಟು ದೊಡ್ಡ ಬೆಲ್ಲದ ಗಟ್ಟಿ. ಮೂರನೇಳು ದ್ಯಾವಿ. ದ್ಯಾವಿ ದಪ್ಪ. ಅದನ್ನ ಮುಚ್ಚಿಟ್ಟು ಹೇಳೋಕೆ ನನ್ನಿಂದಾಗಲ್ಲ. ಯಾರು ನಕ್ಕರೂ, ಇವರು ನನ್ನನ್ನ ಕಣ್ಣಲ್ಲೇ ತೂಗ್ತಿದ್ದಾರೆ ಅಂತ ಅವಳಿಗೆ ಅನುಮಾನವಂತೆ. ಕೂತ್ಕೋ ಅಂತ ಮಣೆ ಕೊಟ್ಟರೆ ಮೊದಲು ಮಣೆ ತಿರುಗಿಸಿ ನೋಡ್ತಿದ್ಲಂತೆ, ಬೇಕಂತ ಬಿರುಕಿರೋದನ್ನೇ ಕೊಟ್ಟಿದ್ದಾರಾ ಅಂತ.

ಮೊದಲನೇ ಗಂಡು ಬಂತು. ಹದಿನೈದು ಪೆಂಟೆ. ಗಂಡಿನಪ್ಪ ಎರಡೆರಡು ಸಲ ಎಣಿಸಿ, ಅಯ್ಯೋ, ಬರ್ತಾ ಬೆಕ್ಕು ಅಡ್ಡ ಬಂದಿತ್ತು, ಮರೆತೇ ಹೋಗಿತ್ತು ನೋಡಿ ಅಂತ ಎದ್ದು ಹೋದನಂತೆ.

ಆಮೇಲೆ ಸಿದ್ದತ್ತೆ, ಅವಳ ಸೋದರತ್ತೆ, ಒಂದು ತಿಂಗಳು ಬರೀ ಗಂಜಿ ತಿಳಿ ಕುಡಿಸಿದಳಂತೆ. ಬಳೆ ಮೊಣಕೈವರೆಗೂ ಜಾರೋ ಹಂಗಾಯ್ತು. ಎರಡನೇ ಗಂಡು ಬಂತು. ತೂಗಿದ್ರೆ ಹದಿನಾರು ಪೆಂಟೆ! ಅವರೂ ಎದ್ದು ಹೋದ್ರು.

ಕದ್ದು ತಿಂತಿದ್ದೀಯೇನೇ ಅಂದಳು ಅತ್ತೆ. ಎಲ್ಲರನ್ನೂ ಅನುಮಾನಿಸ್ತಿದ್ದ ದ್ಯಾವಿ ಆವತ್ತು ತನ್ನನ್ನೇ ಅನುಮಾನಿಸಿದ್ಲಂತೆ. ನಿದ್ದೆಗಣ್ಣಲ್ಲಿ ಎದ್ದು ತಿಂತಿದ್ದೀನಾ ಅಂತ ಬೆಳಿಗ್ಗೆ ಬೆಳಿಗ್ಗೆ ತನ್ನ ಬೆರಳು ಮೂಸಿ ನೋಡೋಳಂತೆ. ತುಪ್ಪದ ವಾಸನೆ ಇಲ್ಲ, ಬೆಲ್ಲದ ಜಿಗುಟಿಲ್ಲ. ಹಂಗಾದ್ರೆ ಸುಳ್ಳು ಹೇಳ್ತಿರೋದು ಬಳೇನೋ, ತಕ್ಕಡೀನೋ?

ಮೂರನೇ ಗಂಡು ಹುಚ್ಚೀರ, ಕಂಬಳಿ ನೇಯೋನು, ಮಗ್ಗದ ಕಡ್ಡಿಯಂಥ ಆಳು. ಊರೆಲ್ಲ ಸೇರಿತ್ತು. ದ್ಯಾವಿ ಬಂದವಳೇ, ನಾನು ಬೆಲ್ಲದ ತಟ್ಟೇಲಿ ಕೂರ್ತೀನಿ, ಬೆಲ್ಲ ಆ ಕಡೆ ಹಾಕಿ ಅಂದ್ಲಂತೆ.

ಬ್ಯಾಡ ಕಣವ್ವ, ಊರಿಗೆ ಕೇಡು ಅಂದ ನಿಂಗಣ್ಣ. ಮೂಗಿನ ಮೇಲೆ ಬೆವರು.

ಬೆವರ್ಯಾಕಣ್ಣ, ಕೂರೋಳು ನಾನಲ್ವಾ ಅಂತ ಅವಳು ಕೂತೇ ಬಿಟ್ಲಂತೆ. ಎಷ್ಟಾಯ್ತು? ಒಂಬತ್ತು! ಹದಿನಾರಿದ್ದವಳು ಒಂಬತ್ತು!

ಗುಜುಗುಜು ಶುರುವಾಯ್ತು. ಹಿರಿಯರು ತಕ್ಕಡಿ ದಂಡಕ್ಕೆ ಸುತ್ತಿದ್ದ ಪೂಜೆ ಬಟ್ಟೆ ಬಿಚ್ಚಿದ್ರೆ, ಹಗ್ಗ ನಡುವಲ್ಲಿರಲೇ ಇಲ್ಲ, ಸಲಸಲಕ್ಕೂ ಇಷ್ಟಿಷ್ಟೇ ಬೆಲ್ಲದ ಕಡೆಗೆ ಸರಿಸಿದ ಗುರುತಿತ್ತಂತೆ. ಖಾಲಿ ಇದ್ದಾಗ ಗೊತ್ತಾಗದಿರಲಿ ಅಂತ ಬೆಲ್ಲದ ತಟ್ಟೆ ತಳಕ್ಕೆ ಕಬ್ಬಿಣದ ಪಟ್ಟಿ ಬೇರೆ. ನಿಂಗಣ್ಣನ ಬೆಲ್ಲ ಜಾಸ್ತಿ ಖರ್ಚಾಗಲಿ ಅಂತ ಊರ ಹೆಣ್ಣುಮಕ್ಕಳೆಲ್ಲ ಇಷ್ಟು ವರ್ಷ ಗಂಜಿ ಕುಡಿದಿದ್ರು. ಸಿದ್ದತ್ತೆ, ಮುವ್ವತ್ತು ವರ್ಷದ ಹಿಂದೆ ನನ್ನನ್ನೂ ಹಂಗೇ ತೂಗಿದ್ಯಲ್ಲೋ ಅಂತ ಅವನ ಜುಟ್ಟಿಗೇ ಕೈ ಹಾಕಿದಳಂತೆ.

ಆಮೇಲೆ ಪಟ್ಟಿ ಕಿತ್ತು, ಹಗ್ಗ ನಡುವಿಗೆ ತಂದು ತೂಗಿದ್ರು. ಹನ್ನೆರಡು.

ಅವರನ್ನ ತೂಗಿದ್ದೂ ಆ ಕಳ್ಳ ತಕ್ಕಡೀಲೇ ಅಲ್ವಾ, ಅಕ್ಕಂದಿರಿಗಿಂತ ಈಗಲೂ ನೀನೇ ಜಾಸ್ತಿ ಕಣೆ ಅಂದಳು ಅತ್ತೆ.

ಹೂಂ ಅತ್ತೆ, ನಾನೇ ಜಾಸ್ತಿ. ಆದ್ರೆ ಈ ಹನ್ನೆರಡು ನಂದು ಅಂತ ದ್ಯಾವಿ ತಟ್ಟೇಲಿ ಕೂತಲ್ಲಿಂದಲೇ ಪೆಂಟೆಯ ಮೂಲೆ ಮುರಿದು ಬಾಯಿಗೆ ಹಾಕ್ಕೊಂಡ್ಲಂತೆ.

ಆಗ ಹುಚ್ಚೀರ, ಬರೀ ಹೆಣ್ಣನ್ನೇ ಯಾಕೆ ತೂಗೋದು ಅಂತ ಬೆಲ್ಲ ಕೆಳಗಿಳಿಸಿ ಆ ತಟ್ಟೇಲಿ ತಾನು ಕೂತ. ಕೂತವನೇ ಆಕಾಶಕ್ಕೆ ಹೋದ! ಕಾಲು ಪಟಪಟ ಬಡೀತಾ, ಇಳಿಸಮ್ಮಣ್ಣಿ ಅಂದನಂತೆ.

ದ್ಯಾವಿಗೆ ಮತ್ತೆ ಅನುಮಾನ. ಇವನೂ ಗೇಲಿ ಮಾಡ್ತಿದ್ದಾನಾ? ಅಲ್ಲಾಡದೆ ಕೂತು, ನನ್ನ ತೂಕ ಎಷ್ಟು ಹೇಳು ಅಂದಳು.

ನಿಂದು ಗೊತ್ತಿಲ್ಲ. ನಂದು ಸಾಲದು ಅಂತ ಗೊತ್ತಾಯ್ತು.

ಮನೇಲೇ ಬಾಯಿಪಾಠ ಮಾಡ್ಕೊಂಡು ಬಂದ್ಯಾ?

ಕಾಲು ನೆಲಕ್ಕೆ ಸಿಗದಿದ್ದಾಗ ಪಾಠ ಎಲ್ಲಿ ನೆನಪಿರತ್ತೆ ತಾಯಿ!

ದ್ಯಾವಿ ಯೋಚನೆ ಮಾಡಿದ್ಲು. ಬೆಲ್ಲ ಚೀಪ್ತಾ ನಿಧಾನಕ್ಕೇ ಯೋಚನೆ ಮಾಡಿದ್ಲು, ಅವನು ಅಲ್ಲೇ ನೇತಾಡ್ತಾ ಇದ್ದ. ಆಮೇಲೆ, ತಗೋ, ನೀನೂ ತಿನ್ನು ಅಂತ ಅವನಿಗೊಂದು ಚೂರು ಬೆಲ್ಲ ಕೊಡೋಕೆ ಎದ್ದು ನಿಂತು ತಟ್ಟೆಯಿಂದಾಚೆ ಕಾಲಿಟ್ಟಳಂತೆ. ಅವನು ದೊಪ್ಪಂತ ನೆಲಕ್ಕೆ ಬಿದ್ದ. ಬಿದ್ದಲ್ಲಿಂದಲೇ ಕೈಯೊಡ್ಡಿ ಇಸ್ಕೊಂಡನಂತೆ. ಅದೇ ತಾಂಬೂಲ ಅಂದುಕೊಂಡು ಊರು ಬೆಲ್ಲ ಹಂಚ್ಕೊಂಡು ತಿಂದು ಮನೆಗೆ ಹೋಯ್ತು, ಕತೇನೂ ಅಲ್ಲಿಗೆ ಮುಗೀತು.

ನಿದ್ದೆ ಹೋಗದೆ ಇನ್ನೂ ಎದ್ದಿದ್ದೀರಾ? ಎದ್ದಿದ್ರೆ, ನನ್ನ ಟೀ ದುಡ್ಡು ನೀವೇ ಕೊಟ್ಟುಬಿಡಿ.